ಬೇಲಿಗೆ ತೂಗುತ್ತಿದ್ದ ಹಲಗೆ

ಎರಡು ಅಂಗೈ ಅಗಲದ ಮರದ ಹಲಗೆ, ಬಿಳಿ ಬಣ್ಣದ ಮೇಲೆ ಹಸಿರು ಅಕ್ಷರ: ‘ತ್ಸಿಮ್ಮರ್ ಫ್ರೈ’. ಕೊಠಡಿ ಖಾಲಿಯಿದೆ ಎಂದರ್ಥ. 1990ರ ದಶಕದ ಕೊನೆಯಲ್ಲಿ ನಾನು ಹ್ಯಾಂಬರ್ಗಿನಲ್ಲಿ ಓದುತ್ತಿದ್ದಾಗ, ಉತ್ತರ ಜರ್ಮನಿಯ ಯಾವ ಸರೋವರದ ಊರಿಗೆ ಹೋದರೂ ಮನೆಗಳ ಬೇಲಿಗೆ ಇಂಥ ಹಲಗೆ ತೂಗುತ್ತಿತ್ತು. ಮುಂಗಡ ಕಾದಿರಿಸುವ ಮಾತಿಲ್ಲ. ರೈಲಿಳಿದು ನಡೆಯುವುದು, ಹಲಗೆ ಕಂಡಲ್ಲಿ ಗಂಟೆ ಒತ್ತುವುದು. ಬಾಗಿಲು ತೆರೆದವರು ‘ಮೊಯಿನ್’ ಎನ್ನುತ್ತಿದ್ದರು. ಬೆಳಗಾಗಲಿ ಸಂಜೆಯಾಗಲಿ, ಆ ಕಡೆ ನಮಸ್ಕಾರಕ್ಕೆ ಅದೊಂದೇ ಮಾತು ಸಾಕು.

ನಾನು ಮೊದಲು ಗಂಟೆ ಒತ್ತಿದ್ದು ರಾಟ್ಸೆಬುರ್ಗಿನಲ್ಲಿ. ನಾಲ್ಕು ಸರೋವರಗಳ ನಡುವಿನ ದ್ವೀಪದ ಮೇಲೆ ಕುಳಿತ ಹಳೆಯ ಊರು ಅದು. ಒಡ್ಡುಗಳ ಮೇಲಿನ ರಸ್ತೆಯಲ್ಲಿ ಒಳಗೆ ಹೋಗಬೇಕು. ಈ ನೀರು ನಮ್ಮ ಕೆರೆಗಳಂತೆ ಮನುಷ್ಯರು ಕಟ್ಟಿ ನಿಲ್ಲಿಸಿದ್ದಲ್ಲ, ಹಿಮಯುಗ ಹಿಂದೆ ಸರಿಯುವಾಗ ಬಿಟ್ಟುಹೋದದ್ದು. ದ್ವೀಪದ ಉತ್ತರ ತುದಿಯಲ್ಲಿ, ಸಿಂಹನೆಂದು ಬಿರುದಾಂಕಿತನಾಗಿದ್ದ ಡ್ಯೂಕ್ ಹೈನ್ರಿಷ್ 12ನೆಯ ಶತಮಾನದಲ್ಲಿ ಕಟ್ಟಿಸತೊಡಗಿದ ಕೆಂಪು ಇಟ್ಟಿಗೆಯ ಮಹಾಚರ್ಚಿದೆ. 1693ರಲ್ಲಿ ಡೇನರ ಫಿರಂಗಿಗಳು ಊರನ್ನು ನೆಲಸಮ ಮಾಡಿದರೂ ಅದು ಉಳಿದುಕೊಂಡಿತು. ಶಿಲ್ಪಿ ಎರ್ನ್ಸ್ಟ್ ಬಾರ್ಲಾಖ್ ಬಾಲ್ಯ ಕಳೆದದ್ದು ಇಲ್ಲೇ. 1938ರಲ್ಲಿ ತೀರಿಕೊಂಡ ಮೇಲೆ ಅವರನ್ನು ಮಣ್ಣು ಮಾಡಿದ್ದೂ ಇಲ್ಲೇ.

ಆ ಮನೆಯೊಡತಿಗೆ ಆಗ ಅರವತ್ತು ಇರಬಹುದು. ಮಾಡಿನಡಿಯ ಇಳಿಜಾರು ಕೋಣೆ, ಉಬ್ಬಿದ ಗರಿಯ ಹೊದಿಕೆ, ಕಿಟಕಿ ತೆರೆದರೆ ನೀರು. ಬೆಳಗ್ಗೆ ಕೆಳಗಿಳಿದರೆ ಅಡುಗೆಮನೆಯ ಮೇಜಿನ ಮೇಲೆ ಬಿಸಿ ಆರದಂತೆ ಉಣ್ಣೆಯ ಟೋಪಿ ಹಾಕಿದ ಮೊಟ್ಟೆ, ಆಗಷ್ಟೇ ಬೇಕರಿಯಿಂದ ತಂದ ದುಂಡು ಬ್ರೆಡ್ಡು, ಹಿತ್ತಲಿನ ಪ್ಲಮ್ ಹಣ್ಣಿನ ಜಾಮ್. ಆಕೆಯೂ ಎದುರಿಗೆ ಕಾಫಿ ಹಿಡಿದು ಕೂರುತ್ತಿದ್ದರು. ಎರಡನೆಯ ದಿನ ತಮ್ಮ ಕತೆ ಹೇಳಿದರು. ಆಕೆ ಹುಟ್ಟಿದ್ದು ಪೂರ್ವದ ಶಾಲ್ಸೇ ಸರೋವರದ ದಡದ ಲಸ್ಸಾನ್ ಹಳ್ಳಿಯಲ್ಲಿ. 1945ರ ನವೆಂಬರಿನಲ್ಲಿ ಬ್ರಿಟಿಷ್ ಮತ್ತು ಸೋವಿಯತ್ ಸೇನಾಧಿಕಾರಿಗಳು ಜರ್ಮನಿಯಲ್ಲಿ ತಮ್ಮ ತಮ್ಮ ವಶದಲ್ಲಿದ್ದ ವಲಯಗಳ ನಡುವಿನ ಗಡಿ ನೇರ ಮಾಡಿಕೊಳ್ಳಲು ಕೆಲವು ಹಳ್ಳಿಗಳನ್ನು ಅದಲುಬದಲು ಮಾಡಿಕೊಂಡರು. ರಾಟ್ಸೆಬುರ್ಗಿನ ಪಕ್ಕದ ಹಳ್ಳಿಗಳು ಬ್ರಿಟಿಷರಿಗೆ, ಲಸ್ಸಾನ್ ಸೋವಿಯತ್ತಿಗೆ. ಏಳು ವರ್ಷದ ಹುಡುಗಿ ಅಪ್ಪ ಅಮ್ಮನೊಡನೆ ಗಾಡಿ ಹತ್ತಿ ಈಚೆ ಬಂದಳು. ಹುಟ್ಟಿದ ಮನೆ ಮತ್ತೆ ಕಂಡದ್ದು ಗಡಿ ತೆರೆದ ಮೇಲೆ, 44 ವರ್ಷ ಕಳೆದು. ಯಾವ ಮಾರ್ಗದರ್ಶಿ ಪುಸ್ತಕವೂ ನನಗೆ ಆ ನೀರನ್ನು ಹೀಗೆ ತೋರಿಸಿರಲಿಲ್ಲ. ಕೋಣೆಯ ಬಾಡಿಗೆಯೊಂದಿಗೆ ಈ ಮಾತೂ ಸಿಗುತ್ತಿತ್ತು.

ತಿನ್ನಲು ಎಲ್ಲಿಗೆ ಹೋಗಬೇಕೆಂದೂ ಆಕೆಯೇ ಹೇಳಿಕೊಟ್ಟರು. ಮಧ್ಯಾಹ್ನದೊಳಗೆ ಮೀನುಗಾರನ ಹೊಗೆಗೂಡಿಗೆ. ನಾನು ಕುಂದಾಪುರದ ಕಡೆಯವನು, ಮೀನಿನ ವಾಸನೆ ಹೊಸತಲ್ಲ. ಆದರೆ ಬೀಚ್ ಮರದ ಹೊಗೆಯಲ್ಲಿ ಬಂಗಾರದ ಬಣ್ಣಕ್ಕೆ ತಿರುಗಿದ ಮರೇನೆ ಮೀನನ್ನು, ಇನ್ನೂ ಬೆಚ್ಚಗಿರುವಾಗಲೇ, ಕಾಗದದ ಮೇಲಿಟ್ಟುಕೊಂಡು ಕೈಯಲ್ಲೇ ಬಿಡಿಸಿ ತಿಂದ ರುಚಿ ಬೇರೆ. ಮರೇನೆಗೆ ಆಳದ ತಣ್ಣೀರು ಬೇಕು. ಶಾಲ್ಸೇ 72 ಮೀಟರ್ ಆಳವಿದೆ. ದಶಕಗಳ ಕಾಲ ಗಡಿಯ ಬೇಲಿಯಿಂದಾಗಿ ಜನ ಸುಳಿಯದ ಆ ಸರೋವರದ ಸುತ್ತಲಿನ ಪ್ರದೇಶ 2000ದಿಂದ ಯುನೆಸ್ಕೋದ ಜೀವಗೋಳ ಮೀಸಲು. ಪಕ್ಕದಲ್ಲೇ ಹೊಗೆಯಾಡಿಸಿದ ಹಾವುಮೀನು ತೂಗುತ್ತಿತ್ತು, ಊರವರಿಗೆ ಅದೇ ಪ್ರಾಣ. ಇಂದು ಯುರೋಪಿನ ಹಾವುಮೀನು ತೀವ್ರ ಅಳಿವಿನಂಚಿನಲ್ಲಿದೆ. ನಾನು ಅದನ್ನು ತಿನ್ನುವುದು ಬಿಟ್ಟಿದ್ದೇನೆ.

ಸಂಜೆಗೆ ಗಾಸ್ಟ್‌ಹೋಫ್, ಅಂದರೆ ಮನೆಮಂದಿಯೇ ನಡೆಸುವ ಊಟ-ವಸತಿಯ ಮನೆ. ಬೆಣ್ಣೆಯಲ್ಲಿ ಹುರಿದ ತ್ಸಾಂಡರ್ ಮೀನು, ಈರುಳ್ಳಿಯೊಡನೆ ಬಾಣಲೆಯಲ್ಲಿ ಕೆಂಪಗಾದ ಆಲೂಗಡ್ಡೆ, ಕೊನೆಗೆ ಕೆಂಪು ಹಣ್ಣುಗಳನ್ನು ಗಟ್ಟಿಯಾಗಿ ಕುದಿಸಿ ವೆನಿಲ್ಲಾ ಸಾಸ್ ಸುರಿದ ‘ರೋಟೆ ಗ್ರ್ಯೂಟ್ಸೆ’. ಬೇಸಿಗೆ ಮುಗಿಯುವ ಹೊತ್ತಿಗೆ ಪೇರು, ಹುರುಳಿಕಾಯಿ, ಹಂದಿಮಾಂಸ ಒಟ್ಟಿಗೆ ಬೇಯಿಸಿದ ಅಡುಗೆ. ಒಂದು ಮೇಜು ಮಾತ್ರ ಸದಾ ಊರಿನ ಹಿರಿಯರಿಗೇ ಮೀಸಲು.

ಈ ಆತಿಥ್ಯ ನಿನ್ನೆ ಮೊನ್ನೆಯದಲ್ಲ. ದಕ್ಷಿಣಕ್ಕಿರುವ ಮೋಲ್ನ್ ಊರಿನ ಮೂಲಕವೇ ಲ್ಯೂನೆಬುರ್ಗಿನ ಉಪ್ಪು ಲ್ಯೂಬೆಕ್ಕಿಗೆ ಹೋಗುತ್ತಿತ್ತು. ಮೊದಲು ಗಾಡಿಗಳಲ್ಲಿ, 1398ರಿಂದ ಸ್ಟೆಕ್ನಿಟ್ಸ್ ಕಾಲುವೆಯ ದೋಣಿಗಳಲ್ಲಿ. ದಾರಿಯುದ್ದಕ್ಕೂ ಉಪ್ಪಿನವರಿಗೆ ಹಾಸಿಗೆ, ಬಿಸಿ ಗಂಜಿ ಬೇಕಿತ್ತು. ಹಾದುಹೋಗುವವರನ್ನು ಒಳಗೆ ಕರೆದು ಕೂರಿಸುವುದು ಈ ಊರುಗಳ ಶತಮಾನಗಳ ಕಸುಬು.

ಕಳೆದ ಬಾರಿ ಹೋದಾಗ ಆ ಬೇಲಿಯಲ್ಲಿ ಹಲಗೆ ಇರಲಿಲ್ಲ. ಮನೆಯೊಡತಿ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳು ಹ್ಯಾಂಬರ್ಗಿನಲ್ಲಿದ್ದರು. ಮನೆ ರಜಾ ಫ್ಲಾಟ್ ಆಗಿತ್ತು. ಬಾಗಿಲ ಪಕ್ಕ ಅಂಕಿಗಳ ಪುಟ್ಟ ಪೆಟ್ಟಿಗೆ. ಫೋನಿಗೆ ಬಂದ ನಾಲ್ಕು ಅಂಕಿ ಒತ್ತಿದರೆ ಕೀಲಿ ಹೊರಬರುತ್ತದೆ. ಕೋಣೆ ಮೊದಲಿಗಿಂತ ಚೊಕ್ಕಟವಾಗಿತ್ತು. ಮೂರು ದಿನವಿದ್ದೆ, ಆ ಮನೆಯಲ್ಲಿ ಯಾರೂ ನನ್ನೊಡನೆ ಮಾತಾಡಲಿಲ್ಲ. ನಾನು ಉಣ್ಣುತ್ತಿದ್ದ ಗಾಸ್ಟ್‌ಹೋಫ್‌ನ ಕಿಟಕಿಗೆ ಒಳಗಿನಿಂದ ಕಾಗದ ಅಂಟಿಸಿದ್ದರು.

ಕಾರಣ ಹುಡುಕಿದರೆ ಒಂದಲ್ಲ. ಕೊರೊನಾ ಕಾಲದಲ್ಲಿ ಕೆಲಸ ಬಿಟ್ಟು ಹೋದ ಅಡುಗೆಯವರು, ಬಡಿಸುವವರು ಅನೇಕರು ಮರಳಲಿಲ್ಲ. ಹೋಟೆಲ್ ಊಟದ ಮೇಲೆ ಶೇ. 7ಕ್ಕೆ ಇಳಿದಿದ್ದ ತೆರಿಗೆ 2024ರ ಜನವರಿಯಲ್ಲಿ ಮತ್ತೆ ಶೇ. 19 ಆಯಿತು. 2026ರಲ್ಲಿ ಪುನಃ 7ಕ್ಕೆ ಇಳಿಸಿದರು, ಅಷ್ಟರಲ್ಲಿ ಮುಚ್ಚಿದವರು ಮುಚ್ಚಿಯಾಗಿತ್ತು. ಆದರೆ ನನ್ನ ಮಟ್ಟಿಗೆ ದೊಡ್ಡ ಕಾರಣ ತೆರಿಗೆಯಲ್ಲ. ಬೆಳಗ್ಗೆ ಆರಕ್ಕೆ ಎದ್ದು ಅಪರಿಚಿತರಿಗೆ ಮೊಟ್ಟೆ ಬೇಯಿಸಿ ಎದುರು ಕೂತು ಮಾತಾಡುವ ಜೀವಗಳು ಮುದಿಯಾದವು, ಆ ಕುರ್ಚಿಗೆ ಯಾರೂ ಬರಲಿಲ್ಲ.

ಎಲ್ಲವೂ ಹೋಗಿಲ್ಲ. ಅರಮನೆಯಡಿಯ ಪ್ಲ್ಯೋನ್, ಪೂರ್ಣವಾಗಿ ಜರ್ಮನಿಯೊಳಗಿರುವ ಸರೋವರಗಳಲ್ಲೇ ದೊಡ್ಡದಾದ ಮ್ಯೂರಿಟ್ಸಿನ ದಡದ ವಾರೆನ್ – ಈ ಊರುಗಳಲ್ಲಿ ಹುಡುಕಿದರೆ ಮನೆಯವರೇ ನಡೆಸುವ ಕೋಣೆಗಳು ಇನ್ನೂ ಇವೆ. ಹೊಗೆಗೂಡುಗಳೂ ಇವೆ.

ಹ್ಯಾಂಬರ್ಗಿನಲ್ಲೋ ಬರ್ಲಿನ್ನಿನಲ್ಲೋ ಇರುವ ನಮ್ಮ ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೋರಿಕೆ. ಸೆಪ್ಟೆಂಬರಿನಲ್ಲಿ ಹೋಗಿ. ಸೋಮವಾರ ಬೇಡ, ಬಹಳಷ್ಟು ಕಡೆ ಅಂದು ರಜೆ. ಜೇಬಿನಲ್ಲಿ ನಗದು ಇರಲಿ. ಲ್ಯೂಬೆಕ್ಕಿನಿಂದ ವಾಕೆನಿಟ್ಸ್ ನದಿಯ ದೋಣಿ ಹತ್ತಿ, ರೋಟೆನ್‌ಹೂಸೆನ್‌ನಲ್ಲಿ ಇನ್ನೊಂದು ದೋಣಿಗೆ ಬದಲಾಯಿಸಿ ನೀರಿನ ದಾರಿಯಲ್ಲೇ ರಾಟ್ಸೆಬುರ್ಗಿಗೆ ಬನ್ನಿ. ಅಂಕಿಪೆಟ್ಟಿಗೆಯ ಫ್ಲಾಟ್ ಕಾದಿರಿಸುವ ಮೊದಲು ಪ್ರವಾಸಿ ಮಾಹಿತಿ ಕಚೇರಿಯಲ್ಲಿ ವಿಚಾರಿಸಿ: ಮನೆಯವರು ಜೊತೆಯಲ್ಲೇ ವಾಸಿಸುವ, ಬೆಳಗಿನ ತಿಂಡಿ ಕೊಡುವ ಕೋಣೆ ಯಾವುದಾದರೂ ಇದೆಯೇ? ಇದ್ದರೆ ಅಲ್ಲೇ ಉಳಿಯಿರಿ, ತಿಂಡಿಯ ಮೇಜಿನಿಂದ ಬೇಗ ಏಳಬೇಡಿ.