‘ಹೇಲ್ ಫ್ರಮ್’ ಎಂಬ ಕ್ರಿಯಾಪದ

ಇಂಗ್ಲಿಷಿನ ‘ಹೇಲ್’ ಎಂದೊಡನೆ ನಮ್ಮ ಮಕ್ಕಳಿಗೆ ನೆನಪಾಗುವುದು ಆಲಿಕಲ್ಲು. ಊರನ್ನು ತಿಳಿಸುವ ‘ಹೇಲ್ ಫ್ರಮ್’ನಲ್ಲಿರುವುದು ಆ ಪದವಲ್ಲ, ಅದು ಕೂಗಿ ಕರೆಯುವ ‘ಹೇಲ್’. ಉತ್ತರ ಯುರೋಪಿನ ಹಳೆಯ ನಾರ್ಸ್ ಭಾಷೆಯಲ್ಲಿ ಕ್ಷೇಮವನ್ನು ಸೂಚಿಸುವ ಶಬ್ದವೇ ಅದರ ಮೂಲ. ಕಡಲಿನಲ್ಲಿ ಹಡಗೊಂದು ಎದುರಾದರೆ ನಾವಿಕರು ಕೂಗಿ, ಅದು ಯಾವ ಬಂದರಿನದೆಂದು ವಿಚಾರಿಸುತ್ತಿದ್ದರು. ಹೇಳಬೇಕಾದದ್ದು ಹಡಗು ಸೇರಿದ ಬಂದರಿನ ಹೆಸರು. ಅದನ್ನು ಕಟ್ಟಿದ ಊರಾಗಲಿ, ನಿನ್ನೆ ಬಿಟ್ಟ ರೇವಾಗಲಿ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಮಾತು ಹಡಗಿನಿಂದ ಮನುಷ್ಯರಿಗೆ ದಾಟಿತು. ಗಂಗೊಳ್ಳಿಯ ಅಳಿವೆಯಲ್ಲಿ ಮಂಜಿಗಳನ್ನು ಕಂಡ ಹಿರಿಯರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮುಂಬಯಿಯಲ್ಲಿ ನೆಲೆಸಿರುವ ಹಳೆಯ ಶಿಷ್ಯನೊಬ್ಬ ಮಗಳ ಅರ್ಜಿಯನ್ನು ತಿದ್ದಲು ಕಳುಹಿಸಿದ್ದ. ಮೊದಲ ವಾಕ್ಯವೇ ‘ಐ ಆಮ್ ಹೇಲಿಂಗ್ ಫ್ರಮ್ ಕಿರಿಮಂಜೇಶ್ವರ’. “ಮಾಷ್ಟ್ರೇ, ಅವಳು ಹುಟ್ಟಿದ್ದು ಇಲ್ಲಿ. ಹೀಗೆ ಬರೆಯಬಹುದೇ?” ಎಂಬುದು ಅವನ ಸಂದೇಹ.

ವ್ಯಾಕರಣದ ಮಟ್ಟಿಗೆ ‘ಹೇಲಿಂಗ್’ ತಪ್ಪು. ಊರೆಂಬುದು ಈಗ ನಡೆಯುತ್ತಿರುವ ಕೆಲಸವಲ್ಲ. ‘ಐ ಹೇಲ್ ಫ್ರಮ್’ ಎಂದೇ ಬರೆಯಬೇಕು. ‘ಕಮ್ ಫ್ರಮ್’ಗೂ ಇದೇ ನಿಯಮ. ‘ಐ ಕಮ್ ಫ್ರಮ್ ಬೈಂದೂರು’ ಎಂದರೆ ಬೈಂದೂರಿನವನು. ‘ಐ ಕೇಮ್ ಫ್ರಮ್ ಬೈಂದೂರು’ ಎಂದರೆ ಬೆಳಗಿನ ಬಸ್ಸಿನಲ್ಲಿ ಅಲ್ಲಿಂದ ಬಂದವನೂ ಆಗಬಹುದು. ಕನ್ನಡಕ್ಕೆ ಈ ತೊಡಕೇ ಇಲ್ಲ. ‘ಕಿರಿಮಂಜೇಶ್ವರದವಳು’ ಎಂದರಾಯಿತು, ಕ್ರಿಯಾಪದವೇ ಬೇಡ.

ಎರಡನೆಯ ಸಂದೇಹ ಅಷ್ಟು ಸುಲಭದ್ದಲ್ಲ. ಹಡಗಿನ ನ್ಯಾಯ ಹಿಡಿದರೆ ಹುಡುಗಿಯ ಮಾತು ಸರಿ. ಆದರೆ ಇಂದಿನ ಬಳಕೆಯಲ್ಲಿ ಓದುವವರು ಅವಳು ಇಲ್ಲಿಯೇ ಹುಟ್ಟಿ ಬೆಳೆದವಳೆಂದು ತಿಳಿಯುತ್ತಾರೆ. ಆದ್ದರಿಂದ ‘ಮೈ ಫ್ಯಾಮಿಲಿ ಹೇಲ್ಸ್ ಫ್ರಮ್ ಕಿರಿಮಂಜೇಶ್ವರ’ ಎಂದು ತಿದ್ದಿ ಕಳುಹಿಸಿದೆ. ಊರಿನ ಹೆಸರನ್ನು ಅಳಿಸಲು ನನಗೆ ಮನಸ್ಸು ಬರಲಿಲ್ಲ. ಮುಂಬಯಿಯ ಮಕ್ಕಳು ಅದನ್ನು ತಾವಾಗಿ ಬರೆಯುವುದೇ ಅಪರೂಪ!

ನಮ್ಮವರು ಊರನ್ನು ಹೆಸರಿನಲ್ಲಿಯೇ ಹೊತ್ತವರು. ಕವಿ ಎಂ. ಗೋಪಾಲಕೃಷ್ಣ ಅಡಿಗರ (1918–1992) ‘ಎಂ’ ನಮ್ಮ ಸೀಮೆಯ ಮೊಗೇರಿ. ಅವರು ಮೈಸೂರು, ಸಾಗರ, ಉಡುಪಿ, ಬೆಂಗಳೂರು ಎಲ್ಲಿದ್ದರೂ ಆ ಅಕ್ಷರ ಬದಲಾಗಲಿಲ್ಲ.

ಮದುವೆಯಾದ ಹೆಣ್ಣುಮಕ್ಕಳ ಊರು ಕೇಳಿದರೆ ನಮ್ಮಲ್ಲಿ ಬರುವ ಉತ್ತರವೇ ಬೇರೆ: “ಮನೆ ನಾವುಂದ, ಕೊಟ್ಟದ್ದು ಬಸ್ರೂರಿಗೆ.” ‘ಹೇಲ್ ಫ್ರಮ್’ಗೆ ಹಿಡಿಸುವುದು ಒಂದೇ ಬಂದರು. ಅಂಥವರು ನಾವುಂದಕ್ಕೆ ‘ಕಮ್ ಫ್ರಮ್’, ಬಸ್ರೂರಿಗೆ ‘ಲಿವ್ ಇನ್’ ಎಂದು ಎರಡು ವಾಕ್ಯ ಬರೆಯಲಿ.