ಸಡಿಲಿಸಿದ ಬಿರಡೆ

ಉಮರ್ಗಾ ಸೀಮೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಗುರುಗಳೊಬ್ಬರು ಮಗನು ಬಿಟ್ಟುಹೋದ ಗಿಟಾರನ್ನು ಕೈಗೆತ್ತಿಕೊಂಡರು. ಅರುವತ್ತು ದಾಟಿದ ಬೆರಳುಗಳು ತಂತಿಯನ್ನು ಒತ್ತಲಾರದೆ ನೊಂದವು. ಭಾನುವಾರ ಉದಗೀರದಿಂದ ಬಂದ ಮೊಮ್ಮಗಳು ಮೊಬೈಲಿನಲ್ಲಿ ಹವಾಯಿ ದ್ವೀಪಗಳ ಪದ್ಧತಿಯೊಂದನ್ನು ತೋರಿಸಿದಳು. ಅದರ ಹೆಸರು ‘ಕೀ ಹೊಆಲು’. ಬಿರಡೆಯನ್ನು ಸಡಿಲಿಸುವುದೆಂದು ಭಾವ.

1830ರ ದಶಕದ ಸುಮಾರಿಗೆ ಮೆಕ್ಸಿಕೋದ ದನಗಾಹಿಗಳೊಡನೆ ಗಿಟಾರ್ ಹವಾಯಿಗೆ ಬಂದಿತು. ದ್ವೀಪದವರು ತಂತಿಗಳನ್ನು ಸಡಿಲಿಸಿ, ಅದನ್ನು ತಮ್ಮ ಹಾಡಿಗೆ ಒಗ್ಗಿಸಿಕೊಂಡರು. ಹೆಚ್ಚು ಬಳಕೆಯ ಶ್ರುತಿಯಲ್ಲಿ ಆರು ತಂತಿಗಳ ಪೈಕಿ ಒಂದನೆಯ, ಐದನೆಯ, ಆರನೆಯ ತಂತಿಗಳನ್ನು ಒಂದೊಂದು ಪೂರ್ಣಸ್ವರದಷ್ಟು ಇಳಿಸುತ್ತಾರೆ. ಆಗ ಎಡಗೈ ಒತ್ತದಿದ್ದರೂ ತಂತಿಗಳೆಲ್ಲ ತಂಬೂರಿಯಂತೆ ಹೊಂದಿ ನುಡಿಯುತ್ತವೆ. ಹೆಬ್ಬೆರಳು ಮಂದ್ರವನ್ನು ಹಿಡಿದಿರಲು, ಉಳಿದ ಬೆರಳುಗಳು ಹಾಡನ್ನು ನುಡಿಸುತ್ತವೆ. ಗುರುಗಳ ನೋವು ತಗ್ಗಿತು, ಕಲಿಕೆ ಸಾಗಿತು.

ಈ ಶ್ರುತಿಗಳು ಬಹುಕಾಲ ಮನೆತನಗಳ ಗುಟ್ಟಾಗಿದ್ದವು. ಮಕ್ಕಳು ಕಲಿಯದ ಮನೆಯಲ್ಲಿ ಅವು ಹಿರಿಯರೊಡನೆಯೇ ಅಳಿಯುವಂತಿದ್ದವು. 1940ರ ದಶಕದಲ್ಲಿ ಗ್ಯಾಬಿ ಪಹಿನುಯಿ ಧ್ವನಿಮುದ್ರಣ ಮಾಡಿದರು. 1973ರಲ್ಲಿ ಕಿಯೋಲಾ ಬೀಮರ್ ಕಲಿಕೆಯ ಪುಸ್ತಕವನ್ನೇ ಪ್ರಕಟಿಸಿದರು. ಗುಟ್ಟು ಬಿಟ್ಟುಕೊಟ್ಟುದರಿಂದ ವಿದ್ಯೆ ಉಳಿಯಿತು.

ಇದನ್ನು ತಿಳಿದಾಗ ಗುರುಗಳು ಸುಮ್ಮನಾದರು. ಮೂವತ್ತು ವರ್ಷ ಊರ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿದವರ ಮೊಮ್ಮಗಳು ಕನ್ನಡ ಮಾತಾಡಬಲ್ಲಳು, ಓದಲಾರಳು.

ಮುಂದಿನ ಭಾನುವಾರ ಗಿಟಾರಿನ ಪಕ್ಕದಲ್ಲಿ ಪಾಟಿಯೂ ಇತ್ತು. ಅವಳು ‘ಳ’ಕಾರವನ್ನು ತಿರುಗಾಮುರುಗಾ ಬರೆದಾಗ ಗುರುಗಳು ನಕ್ಕರು. “ಮುತ್ಯಾ, ನಿಮ್ಮ ತಂತಿ ತಪ್ಪಿದಾಗ ನಾನು ನಕ್ಕೇನೇನು?” ಎಂದಳು. ಗುರುಗಳು ನಗು ನಿಲ್ಲಿಸಿ, ಅವಳ ಕೈ ಹಿಡಿದು ಮತ್ತೊಮ್ಮೆ ತಿದ್ದಿಸಿದರು.