ಮೂರು ದಿನದ ಸಾಹಸ, 97 ವರ್ಷದ ಕಾಯುವಿಕೆ

ಸ್ಕ್ರೋಲ್ ಮಾಡೋ ಮುಂಚೆ ಒಂದು ನಿಮಿಷ. ದೊಡ್ಡ ಕ್ರಿಕೆಟ್ ಗ್ರೌಂಡನ್ನ ನೆನಪಿಸ್ಕೊಳ್ಳಿ. ಈ ಬೌಂಡರಿಯಿಂದ ಎದುರಿನ ಬೌಂಡರಿಗೆ ಸುಮಾರು 150 ಗಜ. ಅಷ್ಟು ದೂರ ಬಯಲಲ್ಲಿ ಓಡಬೇಕು. ಎದುರಿಂದ ಮೆಷಿನ್ ಗನ್ ಗುಂಡು ಬರ್ತಾ ಇದೆ. ಅಲ್ಲಿ ಗಾಯಗೊಂಡು ಬಿದ್ದವರನ್ನ ಕಾಪಾಡಬೇಕು. ಒಂದು ಸಲ ಅಲ್ಲ, ಮೂರು ಸಲ.

ವಿಲಿಯಂ ಶೆಮಿನ್ ಇದನ್ನ ಮಾಡಿದ್ರು. 1918ರ ಆಗಸ್ಟ್ 7ರಿಂದ 9ರವರೆಗೆ, ಫ್ರಾನ್ಸಿನ ವೆಲ್ ನದಿಯ ಹತ್ತಿರ, ಬಜೋಶ್ ಅನ್ನೋ ಊರಿನ ಬಳಿ. ಮೊದಲ ಮಹಾಯುದ್ಧದ ಕೊನೆಯ ತಿಂಗಳುಗಳು. ಅವರು ಅಮೆರಿಕದ 47ನೇ ಇನ್‌ಫೆಂಟ್ರಿ ರೆಜಿಮೆಂಟಿನ ಸಾರ್ಜೆಂಟ್. ರಷ್ಯಾದಿಂದ ವಲಸೆ ಬಂದ ಯಹೂದಿ ಕುಟುಂಬದ ಮಗ. ವಯಸ್ಸು ಆಗ 21. ನಮ್ಮ ಫೈನಲ್ ಇಯರ್ ಹುಡುಗರ ವಯಸ್ಸು ಅಷ್ಟೇ!

ಅವರ ತುಕಡಿಯ ಅಧಿಕಾರಿಗಳು, ಹಿರಿಯ ಸಾರ್ಜೆಂಟ್‌ಗಳು ಒಬ್ಬೊಬ್ಬರಾಗಿ ಬಿದ್ದಾಗ, ಉಳಿದವರನ್ನ ಮುನ್ನಡೆಸಿದ್ದೂ ಇವರೇ. 9ನೇ ತಾರೀಕು ಶೆಲ್ ಚೂರುಗಳು ತಗುಲಿದ್ವು. ಒಂದು ಗುಂಡು ಹೆಲ್ಮೆಟ್ ತೂರಿ ಎಡ ಕಿವಿಯ ಹಿಂದೆ ಸಿಕ್ಕಿಕೊಳ್ತು. ಮೂರು ತಿಂಗಳು ಆಸ್ಪತ್ರೆ.

1919ರಲ್ಲಿ ಸೇನೆ ಅವರಿಗೆ ಡಿಸ್ಟಿಂಗ್ವಿಷ್ಡ್ ಸರ್ವೀಸ್ ಕ್ರಾಸ್ ಕೊಟ್ಟಿತು. ಅಮೆರಿಕದಲ್ಲಿ ಅದು ಎರಡನೇ ಅತಿ ದೊಡ್ಡ ಶೌರ್ಯ ಪದಕ. ಮೊದಲನೆಯದು ಮೆಡಲ್ ಆಫ್ ಆನರ್. ಶೆಮಿನ್ ಆಮೇಲೆ ಅರಣ್ಯಶಾಸ್ತ್ರ ಓದಿದ್ರು, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಗಿಡ-ತೋಟದ ವ್ಯಾಪಾರ ಮಾಡಿದ್ರು, ಮೂವರು ಮಕ್ಕಳನ್ನ ಬೆಳೆಸಿದ್ರು. 1973ರಲ್ಲಿ ತೀರಿಕೊಂಡ್ರು.

ನಾನು ಈ ಕಥೆ ಹೇಳೋಕೆ ಹೊರಟಿದ್ದು ಅವರ ಮಗಳಿಗೋಸ್ಕರ.

ಎಲ್ಸಿ ಶೆಮಿನ್-ರಾತ್ ಚಿಕ್ಕವರಿದ್ದಾಗಲೇ ಅಪ್ಪನ ಜೊತೆ ಯುದ್ಧದಲ್ಲಿದ್ದವರೊಬ್ಬರ ಬಾಯಿಂದ ಒಂದು ಮಾತು ಕೇಳಿದ್ರು: ನಿಮ್ಮಪ್ಪನಿಗೆ ದೊಡ್ಡ ಪದಕ ತಪ್ಪಿದ್ದು ಅವರು ಯಹೂದಿ ಅನ್ನೋ ಕಾರಣಕ್ಕೆ. ಆ ಮಾತು ಅವರ ಮನಸ್ಸಿನಿಂದ ಹೋಗಲೇ ಇಲ್ಲ. 2000ದ ದಶಕದ ಶುರುವಿನಲ್ಲಿ, ಎರಡನೇ ಮಹಾಯುದ್ಧದ ಯಹೂದಿ ಸೈನಿಕರ ಪದಕಗಳನ್ನ ಮರುಪರಿಶೀಲಿಸೋ ಕಾನೂನು ಬಂದಿರೋದು ಅವರಿಗೆ ಗೊತ್ತಾಯ್ತು. ಹಾಗಾದ್ರೆ ಮೊದಲ ಯುದ್ಧದವರು? ಅವರನ್ನ ಯಾರು ಕೇಳಬೇಕು? ಮೆಡಲ್ ಆಫ್ ಆನರ್‌ಗೆ ಕಾಲಮಿತಿ ಇದೆ. ಅದು ಎಂದೋ ಮುಗಿದಿತ್ತು. ಅಂದ್ರೆ ಅಪ್ಪನ ಫೈಲ್ ಮತ್ತೆ ತೆರೆಯಬೇಕಾದ್ರೆ ದೇಶದ ಕಾನೂನೇ ಬದಲಾಗಬೇಕು. ಎಲ್ಸಿ ವರ್ಷಗಟ್ಟಲೆ ಬೆನ್ನು ಬಿಡದೆ ಅದನ್ನೇ ಮಾಡಿಸಿದ್ರು.

ಒಂದು ಸ್ಪರ್ಧೆಯ ಸರ್ಟಿಫಿಕೇಟಲ್ಲಿ ನನ್ನ ಹೆಸರು ಬಿಟ್ಟುಹೋದಾಗ ನಾನು ಎರಡು ಸಲ ಆಫೀಸಿಗೆ ಅಲೆದು, "ಹೋಗ್ಲಿ ಬಿಡು" ಅಂದಿದ್ದೆ. ಅದಕ್ಕೇ ಇರಬೇಕು, ಈ ಅಜ್ಜಿ ನನ್ನ ತಲೆಯಿಂದ ಹೋಗ್ತಿಲ್ಲ.

2015ರ ಜೂನ್ 2. ಶ್ವೇತಭವನ. ಅಧ್ಯಕ್ಷ ಒಬಾಮಾ ಮೆಡಲ್ ಆಫ್ ಆನರ್ ಕೊಟ್ರು. ತೆಗೆದುಕೊಂಡಿದ್ದು 86 ವರ್ಷದ ಎಲ್ಸಿ, ಜೊತೆಗೆ ತಂಗಿ ಇನಾ. ಅದೇ ದಿನ ಅದೇ ಯುದ್ಧದ ಇನ್ನೊಬ್ಬ ಸಾರ್ಜೆಂಟ್‌ಗೂ ಈ ಪದಕ ಸಿಕ್ಕಿತು. ಅವರು ಕಪ್ಪುವರ್ಣದ ಹೆನ್ರಿ ಜಾನ್ಸನ್. ಫ್ರಾನ್ಸ್ ಯುದ್ಧದ ಹೊತ್ತಲ್ಲೇ ಅವರನ್ನ ಗೌರವಿಸಿತ್ತು. ಸ್ವಂತ ದೇಶ ಮಾತ್ರ ಅವರು ಬದುಕಿರೋವರೆಗೆ ಒಂದು ಪದಕವನ್ನೂ ಕೊಡಲಿಲ್ಲ. 1929ರಲ್ಲೇ ಅವರು ತೀರಿಹೋಗಿದ್ರು.

ಸತ್ತ ಮೇಲೆ ಪದಕ ಕೊಟ್ಟು ಏನು ಪ್ರಯೋಜನ ಅಂತ ಕೇಳ್ತೀರಾ? ಶೆಮಿನ್ ಅವರಿಗೆ ಏನೂ ಇಲ್ಲ, ನಿಜ. ಆದ್ರೆ ತಪ್ಪು ಲೆಕ್ಕ ಪುಸ್ತಕದಲ್ಲಿ ಹಾಗೇ ಉಳಿದ್ರೆ, ಮುಂದೆ ಓದೋರು ಅದನ್ನೇ ಸರಿ ಅಂದ್ಕೊಳ್ತಾರೆ. ಯಹೂದಿಗಳು, ಕಪ್ಪುಜನರು ಆ ಯುದ್ಧದಲ್ಲಿ ದೊಡ್ಡದೇನೂ ಮಾಡಲಿಲ್ಲ ಅಂತ.

ಇನ್ನೊಂದು ವಿಷಯ ಗಮನಿಸಿ. ಆ 150 ಗಜದ ಮಾತು 1919ರ ಪದಕದ ಬರಹದಲ್ಲೇ ಇತ್ತು. ಯಾರೋ ಆಗಲೇ ಬರೆದಿಟ್ಟಿದ್ರು. ಹಾಗಾಗಿ ಮಗಳ ಕೈಯಲ್ಲಿ ಬರೀ ದುಃಖ ಅಲ್ಲ, ದಾಖಲೆಯೂ ಇತ್ತು.

ನಿಮಗೆ ಗೊತ್ತಿರೋ ಯಾರ ಕೆಲಸಕ್ಕೆ ಇನ್ನೂ ಹೆಸರು ಸಿಕ್ಕಿಲ್ಲ? ಕಾಮೆಂಟಲ್ಲಿ ಬರೀರಿ. ತಾರೀಕು ಸಮೇತ ಬರೀರಿ.

#ಇತಿಹಾಸದಪುಟ #ಕನ್ನಡದಲ್ಲಿಓದಿ